ಕಾಲೇಜಿಗೆ ಹೊರಟ ಮಕ್ಕಳಿಗೆ ಲ್ಯಾಪ್‌ಟಾಪ್



ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ನಡೆಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಶುರುವಾಗುತ್ತದೆ. ಫೀಸು ಕಟ್ಟಿದ್ದಾಯಿತು, ಹಾಸ್ಟೆಲಿಗೆ ಬೇಕಾದ ಹಾಸಿಗೆ, ಬಕೆಟ್ಟು, ಟ್ರಂಕು ತಂದದ್ದಾಯಿತು, ಇನ್ನು ಲ್ಯಾಪ್‌ಟಾಪ್ ಯಾವುದು ಕೊಡಿಸುವುದು? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನೆಂಟರ ಹುಡುಗನಿಗೆ ಫೋನು ಹೋಗುತ್ತದೆ. "ಯಾವ ಕಂಪನೀದು ಒಳ್ಳೇದಪ್ಪಾ?" ಎಂದು ಕೇಳುತ್ತಾರೆ. ಆತ ತಾನು ಬಳಸುವ ಕಂಪನಿಯ ಹೆಸರು ಹೇಳುತ್ತಾನೆ. ಆ ಒಂದು ಹೆಸರನ್ನು ಹಿಡಿದುಕೊಂಡು ಅಪ್ಪ, ಅಮ್ಮ, ಮಗಳು ಅಂಗಡಿಗೆ ಹೋಗುತ್ತಾರೆ.

ನಲವತ್ತು ಐವತ್ತು ಸಾವಿರ ರೂಪಾಯಿ ಎಂದರೆ ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಮೂರು ನಾಲ್ಕು ತಿಂಗಳ ದುಡಿಮೆ. ಸಣ್ಣ ಹಿಡುವಳಿಯ ರೈತನಿಗೆ ಒಂದು ಬೆಳೆಯ ಲಾಭವೆಲ್ಲ ಇರಬಹುದು. ಅಷ್ಟು ದುಡ್ಡು ಕೊಟ್ಟು ತಂದದ್ದು ಎರಡನೆಯ ವರ್ಷಕ್ಕೇ ತೆವಳತೊಡಗಿದರೆ ಮನೆಯವರಿಗೆ ಆಗುವ ಸಂಕಟ ನನಗೆ ಗೊತ್ತು, ಅದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕಾಗಿ ಈ ಮಾತು.

ಕಂಪನಿಯ ಹೆಸರಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಕಂಪನಿ ಮೂವತ್ತು ಸಾವಿರದ ಯಂತ್ರವನ್ನೂ ಮಾಡುತ್ತದೆ, ಎರಡು ಲಕ್ಷದ್ದನ್ನೂ ಮಾಡುತ್ತದೆ. ಎರಡರ ಮೇಲೂ ಅದೇ ಹೆಸರು, ಅದೇ ಮುದ್ರೆ. ನಾನು ಹಿಡಿದುಕೊಂಡಿರುವ ಸೂತ್ರ ಬೇರೆ. ಲ್ಯಾಪ್‌ಟಾಪಿನಲ್ಲಿ ಕೊಂಡ ಮೇಲೆ ಬದಲಾಯಿಸಲು ಬರುವ ಭಾಗಗಳಿವೆ, ಎಂದೆಂದಿಗೂ ಬದಲಾಯಿಸಲಾಗದ ಭಾಗಗಳಿವೆ. ಬದಲಾಯಿಸಲಾಗದ್ದಕ್ಕೆ ದುಡ್ಡು ಹಾಕಿ, ಬದಲಾಯಿಸಬಹುದಾದ್ದರಲ್ಲಿ ಉಳಿಸಿ. ಅದಕ್ಕೂ ಮೊದಲು, ಮಗು ಓದಲು ಹೊರಟಿರುವುದು ಏನನ್ನು, ಇರುವುದು ಎಲ್ಲಿ, ದಿನಾ ಎಷ್ಟು ದೂರ ಓಡಾಡುತ್ತದೆ ಎಂಬುದನ್ನು ಕೂತು ಮಾತಾಡಿ. ಅಂಗಡಿಯವನಿಗೆ ಇದು ತಿಳಿದಿರುವುದಿಲ್ಲ, ತಿಳಿಯಬೇಕಾದದ್ದು ನಿಮಗೆ.

ಓದಿನಿಂದಲೇ ಶುರು ಮಾಡೋಣ. ಬಿಎ, ಬಿಎಸ್‌ಡಬ್ಲ್ಯು, ಬಿಎಡ್, ಕಾನೂನು ಓದುವವರಿಗೆ ಬೇಕಾಗುವುದು ಓದಲು ಒಳ್ಳೆಯ ಪರದೆ, ಬರೆಯಲು ಒಳ್ಳೆಯ ಕೀಲಿಮಣೆ, ದಿನವಿಡೀ ಬಾಳುವ ಬ್ಯಾಟರಿ. ಪ್ರೊಸೆಸರ್ ಭಾರೀ ಆಗಬೇಕಿಲ್ಲ. ವೈದ್ಯಕೀಯಕ್ಕೆ ಹೋದ ಮಕ್ಕಳಿಗೆ ಮೊದಲೆರಡು ವರ್ಷ ಲ್ಯಾಪ್‌ಟಾಪಿಗಿಂತ ಚಿತ್ರಗಳನ್ನು ಹಿಗ್ಗಿಸಿ ನೋಡುವ ಒಂದು ಟ್ಯಾಬ್ಲೆಟ್ಟೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಆ ವಿದ್ಯಾರ್ಥಿಗಳೇ ಹೇಳುತ್ತಾರೆ. ಬಿಕಾಂ, ಸಿಎ ಓದುವವರ ವಿಷಯ ಬೇರೆ. ಅವರ ದಿನವೆಲ್ಲ ಎಕ್ಸೆಲ್ ಮತ್ತು ಟ್ಯಾಲಿಯಲ್ಲಿ ಕಳೆಯುತ್ತದೆ. ಟ್ಯಾಲಿ ವಿಂಡೋಸಿನ ಮೇಲೆ ನಡೆಯುವ ತಂತ್ರಾಂಶ. ಬಲಗಡೆ ಅಂಕಿಗಳ ಪ್ರತ್ಯೇಕ ಕೀಲಿಗಳಿರುವ ಕೀಲಿಮಣೆ ಅವರಿಗೆ ದೊಡ್ಡ ಸಹಾಯ. ಅದು 15.6 ಇಂಚಿನ ಬಹುತೇಕ ಯಂತ್ರಗಳಲ್ಲಿ ಇರುತ್ತದೆ, 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕನ್ನಡ ಎಂಎ ಓದುವವರನ್ನು, ಪತ್ರಿಕೋದ್ಯಮ ಓದುವವರನ್ನು ಈ ಲೆಕ್ಕದಲ್ಲಿ ಯಾರೂ ನೆನೆಯುವುದಿಲ್ಲ, ನಾನು ನೆನೆಯುತ್ತೇನೆ. ಅವರಿಗೆ ಪ್ರಬಂಧ, ವರದಿ, ಪುಟವಿನ್ಯಾಸ ಎಲ್ಲವೂ ಕನ್ನಡದಲ್ಲೇ ಆಗಬೇಕು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ವಿಂಡೋಸಿಗಾಗಿ ರೂಪುಗೊಂಡದ್ದು. ಯೂನಿಕೋಡ್ ಕನ್ನಡ ಮಾತ್ರ ಸಾಕೆಂದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಕೀಲಿಮಣೆ ಒಳಗೇ ಇದೆ, ಲಿನಕ್ಸಿನಲ್ಲಿ ಅದೇ ಪರಿಷತ್ತಿನ ಕಗಪ ವಿನ್ಯಾಸವೂ ಸಿಗುತ್ತದೆ. ಆದರೆ ಡಿಟಿಪಿ ಅಂಗಡಿಯವರು, ಹಳೆಯ ಪ್ರಕಾಶಕರು ಇನ್ನೂ ಹಳೆಯ ನುಡಿ ಫಾಂಟಿನ ಕಡತ ಕೇಳುವುದುಂಟು. ಅಂಥ ಕೆಲಸ ಮಾಡುವವರು ವಿಂಡೋಸ್ ಯಂತ್ರ ಇಟ್ಟುಕೊಳ್ಳುವುದು ಕ್ಷೇಮ.

ಇಂಜಿನಿಯರಿಂಗ್ ಎಂದಾಕ್ಷಣ ಜನ ಅತ್ಯಂತ ದುಬಾರಿಯದನ್ನು ಹುಡುಕುತ್ತಾರೆ. ಇಲ್ಲಿ ಶಾಖೆ ಶಾಖೆಗೂ ವ್ಯತ್ಯಾಸವಿದೆ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಮೊದಲ ವರ್ಷ ಬರೆಯುವ ಸಿ ಮತ್ತು ಪೈಥಾನ್ ಪ್ರೋಗ್ರಾಮುಗಳು ಹತ್ತು ವರ್ಷದ ಹಳೆಯ ಯಂತ್ರದಲ್ಲೂ ಓಡುತ್ತವೆ. ಮೂರನೆಯ ವರ್ಷ ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಅದರೊಳಗೊಂದು ಕೃತಕ ಮೊಬೈಲನ್ನು ನಡೆಸುವ ದಿನ ಬಂದಾಗ 8 ಜಿಬಿ ಮೆಮೊರಿ ಏದುಸಿರು ಬಿಡುತ್ತದೆ, 16 ಬೇಕೇ ಬೇಕು ಅನ್ನಿಸುತ್ತದೆ. ಯಂತ್ರಕಲಿಕೆ, ಡೇಟಾ ಸೈನ್ಸ್ ಓದುವವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗಾಗಿ ಮೂವತ್ತು ಸಾವಿರ ಹೆಚ್ಚು ಕೊಡುವ ಮೊದಲು ಗೂಗಲ್ ಕೊಲ್ಯಾಬ್ ಬಳಸಿ ನೋಡಲಿ. ಅಲ್ಲಿ ಗ್ರಾಫಿಕ್ಸ್ ಪ್ರೊಸೆಸರು ಮಿತಿಯೊಳಗೆ ಉಚಿತವಾಗಿಯೇ ಸಿಗುತ್ತದೆ. ಕಲಿಕೆಯ ಹಂತಕ್ಕೆ ಅದು ಧಾರಾಳ.

ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಮಕ್ಕಳಿಗೆ ಗ್ರಾಫಿಕ್ಸ್ ಕಾರ್ಡು ನಿಜವಾಗಿ ಬೇಕಾಗುತ್ತದೆ. ಸಾಲಿಡ್‌ವರ್ಕ್ಸ್, ರೆವಿಟ್, ಲ್ಯುಮಿಯನ್ ಇವು ಮೂರು ಆಯಾಮದ ಚಿತ್ರವನ್ನು ತಿರುಗಿಸುತ್ತ, ಬೆಳಕು ನೆರಳು ಲೆಕ್ಕ ಹಾಕುತ್ತ ನಡೆಯುವ ತಂತ್ರಾಂಶಗಳು. ಆರ್ಕಿಟೆಕ್ಚರ್ ವಿದ್ಯಾರ್ಥಿಗೆ ರಾತ್ರಿಯೆಲ್ಲ ಯಂತ್ರ ಒಂದೇ ಒಂದು ಚಿತ್ರವನ್ನು ಬಿಡಿಸುತ್ತ ಕೂರುವುದು ಸಾಮಾನ್ಯ. ಅಲ್ಲಿ ಹಣ ಉಳಿಸಲು ಹೋಗಬೇಡಿ. ನೆನಪಿಡಬೇಕಾದ ಇನ್ನೊಂದು ವಿಷಯ: ಈ ಶಾಖೆಗಳ ಅನೇಕ ತಂತ್ರಾಂಶಗಳು ವಿಂಡೋಸಿಗೆ ಮಾತ್ರ ಇವೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಬಳಸುವ ವಿವಾಡೋ ಕೂಡ ವಿಂಡೋಸ್ ಮತ್ತು ಲಿನಕ್ಸಿನಲ್ಲಷ್ಟೇ ನಡೆಯುತ್ತದೆ. ಆದ್ದರಿಂದ ಮ್ಯಾಕ್‌ಬುಕ್ ಏರ್ ಎಷ್ಟೇ ಹಗುರ, ಅದರ ಬ್ಯಾಟರಿ ಎಷ್ಟೇ ಉತ್ತಮ ಎಂದರೂ ಈ ಮಕ್ಕಳಿಗೆ ಅದು ಹೊಂದುವುದಿಲ್ಲ. ಕಂಪ್ಯೂಟರ್ ಸೈನ್ಸಿಗೆ, ಸಾಹಿತ್ಯಕ್ಕೆ, ವಿಡಿಯೋ ಸಂಕಲನಕ್ಕೆ ಅದು ತುಂಬ ಚೆನ್ನಾಗಿ ಹೊಂದುತ್ತದೆ. 2020ರ ನವೆಂಬರಿನಲ್ಲಿ ಬಂದ ಎಂ1 ಮಾದರಿ ಇಂದಿಗೂ ದಣಿಯದೆ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಸಲಹೆಯನ್ನು ಒತ್ತಿ ಹೇಳುತ್ತೇನೆ. ಇಂಜಿನಿಯರಿಂಗಿನ ನಾಲ್ಕು ವರ್ಷದ ಕೋರ್ಸಿಗೆ ಸೇರಿದವರು ಮೊದಲ ಸೆಮಿಸ್ಟರ್ ಮುಗಿಯುವ ತನಕ ಕಾಯಲು ಸಾಧ್ಯವಾದರೆ ಕಾಯಲಿ. ಮೊದಲ ವರ್ಷ ಎಲ್ಲ ಶಾಖೆಗಳಿಗೂ ಗಣಿತ, ಭೌತ, ರಸಾಯನ ಬಹುಮಟ್ಟಿಗೆ ಸಾಮಾನ್ಯ. ಕಾಲೇಜಿನಲ್ಲಿ ಪ್ರಯೋಗಾಲಯ ಇರುತ್ತದೆ. ಅಷ್ಟರಲ್ಲಿ ಸೀನಿಯರುಗಳ ಪರಿಚಯವಾಗಿರುತ್ತದೆ, ಐದನೆಯ ಸೆಮಿಸ್ಟರಿನಲ್ಲಿ ಏನು ಬೇಕಾಗುತ್ತದೆಂದು ಅವರು ಹೇಳುತ್ತಾರೆ. ಆ ಮಾತು ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಈಗ ಬದಲಾಯಿಸಲಾಗದ ಭಾಗಗಳಿಗೆ ಬರೋಣ. ಅವುಗಳಲ್ಲಿ ಮೊದಲನೆಯದು ಪ್ರೊಸೆಸರು. ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ, "ಇದು ಐ5, ಇದು ಐ7". ಈ ಒಂದಂಕಿಯಿಂದ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ. ಅದರ ಹಿಂದಿರುವ ಉದ್ದನೆಯ ಸಂಖ್ಯೆಯನ್ನು ಓದಬೇಕು. 2016ರಲ್ಲಿ ಬಂದ ಐ7-7500ಯು ಪ್ರೊಸೆಸರಿನಲ್ಲಿ ಇದ್ದದ್ದು ಎರಡೇ ಕೋರು, ಅಂದರೆ ಲೆಕ್ಕ ಮಾಡುವ ಘಟಕ. 2022ರ ಐ3-1215ಯು ಪ್ರೊಸೆಸರಿನಲ್ಲಿ ಆರು ಕೋರುಗಳಿವೆ. ಹೆಸರಿನಲ್ಲಿ ಏಳು ಇದ್ದರೂ ಮೊದಲನೆಯದು ಹಿಂದೆ ಬೀಳುತ್ತದೆ. ಇಂಟೆಲ್ಲಿನ ಈ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿ, ಹಳೆಯವುಗಳಲ್ಲಿ ಮೊದಲ ಒಂದಂಕಿ, ತಲೆಮಾರನ್ನು ಸೂಚಿಸುತ್ತದೆ. 1215 ಅಂದರೆ ಹನ್ನೆರಡನೆಯ ತಲೆಮಾರು, 7500 ಅಂದರೆ ಏಳನೆಯದು. ಕೊನೆಯ ಅಕ್ಷರವನ್ನೂ ನೋಡಿ. ಯು ಎಂದಿದ್ದರೆ ಕಡಿಮೆ ವಿದ್ಯುತ್ ಬಳಸುವಂಥದು, ಎಚ್ ಎಂದಿದ್ದರೆ ಹೆಚ್ಚು ಶಕ್ತಿ, ಹೆಚ್ಚು ಶಾಖ. 2023ರ ಕೊನೆಯಿಂದ ಇಂಟೆಲ್ 'ಐ' ಅಕ್ಷರ ಬಿಟ್ಟು ಕೋರ್ 5, ಕೋರ್ ಅಲ್ಟ್ರಾ 5 ಎಂದು ಕರೆಯತೊಡಗಿತು. ಹಾಗಾಗಿ ಹಳೆಯದು, ಹೊಸದು ಎರಡೂ ಹೆಸರು ಮಾರುಕಟ್ಟೆಯಲ್ಲಿ ಒಟ್ಟಿಗೇ ಇವೆ.

ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರುಗಳು ಗುಣದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಅವುಗಳ 7000 ಸರಣಿಯನ್ನು ಓದುವಾಗ ಕಣ್ಣು ಮೂರನೆಯ ಅಂಕಿಯ ಮೇಲಿರಲಿ. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬರೀ ಹತ್ತರ ವ್ಯತ್ಯಾಸ ಅನ್ನಿಸುತ್ತದೆ. ಆ ಮೂರನೆಯ ಅಂಕಿ ಒಳಗಿನ ವಿನ್ಯಾಸದ ಗುರುತು. 7520ರ ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರು. 7530ರಲ್ಲಿ ಅದಕ್ಕಿಂತ ಮುಂದಿನ ಝೆನ್ 3, ಆರು ಕೋರು. ಇಷ್ಟೇ ಅಲ್ಲ. 7520ಯು ಬಳಸುವ ಮೆಮೊರಿ ಎಲ್‌ಪಿಡಿಡಿಆರ್5 ಎಂಬ ಬಗೆಯದು, ಅದನ್ನು ತಾಯಿಹಲಗೆಗೆ ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. 8 ಜಿಬಿ ಇದ್ದದ್ದನ್ನು ತಂದರೆ ಕೊನೆಯವರೆಗೂ ಅದು 8 ಜಿಬಿಯೇ. ಎರಡು ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತೆಂದು 7520 ತಂದ ವಿದ್ಯಾರ್ಥಿ ಮೂರನೆಯ ವರ್ಷ ಆ ಯಂತ್ರವನ್ನೇ ಬದಲಾಯಿಸಬೇಕಾಗಬಹುದು.

ಇದರಿಂದ ಮೆಮೊರಿಯ ಪ್ರಶ್ನೆಗೆ ಬಂದೆವು. ರ‍್ಯಾಮ್ ಎಂಬುದನ್ನೂ ಸ್ಟೋರೇಜ್ ಎಂಬುದನ್ನೂ ಒಂದೇ ಎಂದುಕೊಂಡವರು ಬಹಳ. ರ‍್ಯಾಮ್ ಅಂದರೆ ಅಡುಗೆಮನೆಯ ಕಟ್ಟೆ, ಸ್ಟೋರೇಜ್ ಅಂದರೆ ಉಗ್ರಾಣ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಳಿಸಿ ಇನ್ನೊಂದು ಇಡುತ್ತ ಅಡುಗೆ ತಡವಾಗುತ್ತದೆ. ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್ ಸಾಕೆನ್ನುತ್ತದೆ. ಅದು ಯಂತ್ರ ಬಾಗಿಲು ತೆರೆಯಲು ಸಾಕು, ಕೆಲಸ ಮಾಡಲು ಸಾಲದು. ಇವತ್ತು ಕೊಳ್ಳುವವರು 8 ಜಿಬಿಗಿಂತ ಕಡಿಮೆ ತರಲೇಬಾರದು, ಆದಷ್ಟೂ 16 ತನ್ನಿ. 16 ಕೈಗೆಟುಕದಿದ್ದರೆ 8 ತನ್ನಿ, ಆದರೆ ಅಂಗಡಿಯವನನ್ನು ಬಾಯಿಬಿಟ್ಟು ಕೇಳಿ: "ಇದರಲ್ಲಿ ಖಾಲಿ ಸ್ಲಾಟ್ ಇದೆಯಾ? ಆಮೇಲೆ ಇನ್ನೊಂದು ಕಡ್ಡಿ ಹಾಕಿಸಬಹುದಾ?" ಉತ್ತರ ಹೌದಾದರೆ ನೀವು ಎರಡು ವರ್ಷದ ನಂತರ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ. ಕೃತಕ ಬುದ್ಧಿಮತ್ತೆಯ ಬೃಹತ್ ಡೇಟಾ ಕೇಂದ್ರಗಳು ಅವನ್ನು ಭಾರೀ ಪ್ರಮಾಣದಲ್ಲಿ ಸೆಳೆದುಕೊಳ್ಳುತ್ತಿರುವುದು ಅದಕ್ಕೆ ಮುಖ್ಯ ಕಾರಣ. ಇಂಥ ಕಾಲದಲ್ಲಿ ಖಾಲಿ ಸ್ಲಾಟಿನ ಬೆಲೆ ಇನ್ನೂ ಹೆಚ್ಚು.

ಸ್ಟೋರೇಜಿನ ವಿಷಯ ಬೇಗ ಮುಗಿಸಬಹುದು. ಎಸ್‌ಎಸ್‌ಡಿ ಇರಬೇಕು, ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಬೇಡ. ಇಎಂಎಂಸಿ ಎಂದು ಬರೆದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ. ಅದು ನಿಧಾನ, ಬೆಸುಗೆ ಹಾಕಿದ್ದು, ಸಾಮಾನ್ಯವಾಗಿ ಅಗ್ಗದ ಯಂತ್ರಗಳಲ್ಲಿ ಬರುವಂಥದು. ಎಸ್‌ಎಸ್‌ಡಿ 256 ಜಿಬಿ ಇದ್ದರೂ ಚಿಂತೆಯಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಅದನ್ನು ಬಿಚ್ಚಿ ದೊಡ್ಡದು ಹಾಕಲು ಬರುತ್ತದೆ. ಹಣ ಉಳಿಸುವ ಜಾಗ ಇದೇ.

ಉಳಿಸಬಾರದ ಜಾಗ ಪರದೆ. ಜನ ಇದನ್ನು ನೋಡುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಮಗು ನಾಲ್ಕು ವರ್ಷ, ದಿನಕ್ಕೆ ಐದಾರು ಗಂಟೆ ದಿಟ್ಟಿಸಿ ನೋಡುವುದು ಪ್ರೊಸೆಸರನ್ನಲ್ಲ, ಈ ಗಾಜಿನ ತುಂಡನ್ನು. 1366×768 ಚುಕ್ಕಿಗಳ ಪರದೆ ಇನ್ನೂ ಅಗ್ಗದ ಯಂತ್ರಗಳಲ್ಲಿ ಉಳಿದಿದೆ. ಅದರಲ್ಲಿ ಇಂಗ್ಲಿಷ್ ಹೇಗೋ ಓದಬಹುದು. ನಮ್ಮ ಲಿಪಿಗೆ ಅದು ಸಾಲದು. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಂಥ ಪದಗಳಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ ಬಂದಾಗ, ಅರ್ಕಾವತ್ತು ಕೊಂಬು ದೀರ್ಘ ಎಲ್ಲ ಸೇರಿದಾಗ, ಆ ಪರದೆಯಲ್ಲಿ ಕೆಳಗಿನ ಸಾಲು ಕಲಸಿಹೋಗುತ್ತದೆ. 1920×1080 ಅಥವಾ 1920×1200 ಇರಲಿ. ಐಪಿಎಸ್ ಬಗೆಯ ಪರದೆಯಾಗಲಿ. ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಎದುರಿಗೆ ನಿಂತು ನೋಡಿ, ಆಮೇಲೆ ಪಕ್ಕಕ್ಕೆ ಸರಿದು, ಕೆಳಗೆ ಬಾಗಿ ನೋಡಿ. ಬಣ್ಣ ತಿರುಗಿ ಬಿಳಿಚಿಕೊಂಡರೆ ಅದು ಹಳೆಯ ಟಿಎನ್ ಪರದೆ, ಬೇಡ. ಹೊಳಪು 250 ನಿಟ್ಸ್ ಇದ್ದರೆ ಕೋಣೆಯೊಳಗೆ ಸಾಕು, ಕಿಟಕಿಯ ಬದಿಯಲ್ಲಿ ಕೂರುವವರಿಗೆ 300 ಅಥವಾ ಹೆಚ್ಚು ಬೇಕು. ಚಿತ್ರಕಲೆ, ವಿನ್ಯಾಸ, ಛಾಯಾಗ್ರಹಣ ಓದುವವರು ಮಾತ್ರ ಬಣ್ಣಗಳ ವ್ಯಾಪ್ತಿ '45 ಪರ್ಸೆಂಟ್ ಎನ್‌ಟಿಎಸ್‌ಸಿ' ಎಂದಿರುವುದನ್ನು ಬಿಟ್ಟು '100 ಪರ್ಸೆಂಟ್ ಎಸ್‌ಆರ್‌ಜಿಬಿ' ಎಂದಿರುವುದನ್ನು ಕೇಳಿ ಪಡೆಯಿರಿ. ಮೊದಲನೆಯದರಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುತ್ತದೆ.

ಕೀಲಿಮಣೆಯ ಮೇಲೆ ಅಲ್ಲಿಯೇ ನಿಂತು ಹತ್ತು ಸಾಲು ಟೈಪ್ ಮಾಡಿ. ಮಗಳಿಗೆ ಟೈಪ್ ಮಾಡಲು ಬಿಡಿ, ನೀವು ಮಾಡಬೇಡಿ. ಕೈ ಅವಳದು.

ತೂಕವನ್ನೂ ಎತ್ತಿ ನೋಡಿ. ನಗರದಲ್ಲಿ ಬಸ್ಸು ಮೆಟ್ರೋ ಹಿಡಿಯುವ, ಹಳ್ಳಿಯಿಂದ ತಾಲ್ಲೂಕಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಮಕ್ಕಳ ಬೆನ್ನ ಮೇಲೆ ಅದು ದಿನಾ ಇರುತ್ತದೆ. 14 ಇಂಚಿನದು ಸುಮಾರು ಒಂದೂಕಾಲಿನಿಂದ ಒಂದೂವರೆ ಕಿಲೋ ತೂಗುತ್ತದೆ, 15.6 ಇಂಚಿನದು ಒಂದೂಮುಕ್ಕಾಲು ಕಿಲೋದ ಆಸುಪಾಸು. ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು ಕಿಲೋ ದಾಟುತ್ತದೆ, ಅದರ ಚಾರ್ಜರೇ ಅರ್ಧ ಕಿಲೋ. ಈ ಗೇಮಿಂಗ್ ಲ್ಯಾಪ್‌ಟಾಪಿನ ವಿಷಯದಲ್ಲಿ ಅನೇಕ ಮನೆಗಳಲ್ಲಿ ಜಗಳ ನಡೆದಿದೆ. ಆಟ ಆಡುವ ಆಸೆ ತಪ್ಪಲ್ಲ, ಹದಿನೆಂಟರ ಹುಡುಗರಿಗೆ ಅದು ಸಹಜ. ಆದರೆ ತರಗತಿಯಲ್ಲಿ ಅದರ ಬ್ಯಾಟರಿ ಎರಡು ಮೂರು ಗಂಟೆಗೇ ಮುಗಿಯುತ್ತದೆ, ಫ್ಯಾನಿನ ಸದ್ದು ಗ್ರಂಥಾಲಯದಲ್ಲಿ ಎಲ್ಲರನ್ನೂ ತಿರುಗಿ ನೋಡಿಸುತ್ತದೆ. ಮೂರು ಆಯಾಮದ ಕೆಲಸವಿರುವ ಶಾಖೆಗೆ ಹೋದವರಿಗೆ ಇದೇ ಯಂತ್ರ ಓದಿಗೂ ಆಗುತ್ತದೆ, ಆಟಕ್ಕೂ ಆಗುತ್ತದೆ. ಬೇರೆಯವರು ಮಗನೊಂದಿಗೆ ಕೂತು, ಕಾಗದದಲ್ಲಿ ಬರೆದು, ಹೆಚ್ಚಿಗೆ ಕೊಡುವ ಇಪ್ಪತ್ತೈದು ಸಾವಿರದಿಂದ ಬೇರೆ ಏನು ಆಗಬಹುದಿತ್ತು ಎಂದು ಪ್ರೀತಿಯಿಂದ ಮಾತಾಡಿದರೆ ಮಕ್ಕಳು ಕೇಳುತ್ತಾರೆ.

ಬ್ಯಾಟರಿಯ ಬಗ್ಗೆ ಡಬ್ಬಿಯ ಮೇಲೆ 'ಹತ್ತು ಗಂಟೆ' ಎಂದು ಬರೆದಿದ್ದರೆ ಅದನ್ನು ಪಕ್ಕಕ್ಕಿಟ್ಟು ವ್ಯಾಟ್-ಅವರ್ ಎಷ್ಟೆಂದು ಹುಡುಕಿ. ಅಗ್ಗದ ಯಂತ್ರಗಳಲ್ಲಿ ಅದು 41 ಅಥವಾ 42 ಇರುತ್ತದೆ. ಸಾಮಾನ್ಯ ಕೆಲಸದಲ್ಲಿ ಯಂತ್ರ ಸುಮಾರು 10 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ ನಾಲ್ಕು ಗಂಟೆಯ ಲೆಕ್ಕ ನಿಮಗೇ ಸಿಗುತ್ತದೆ. 56 ಅಥವಾ 60 ಇದ್ದರೆ ಬೆಳಗ್ಗೆಯಿಂದ ಮಧ್ಯಾಹ್ನದ ಕೊನೆಯ ತರಗತಿಯವರೆಗೆ ನಿಶ್ಚಿಂತೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವ ಊರುಗಳವರಿಗೆ, ಒಂದೇ ಪ್ಲಗ್ಗಿಗೆ ನಾಲ್ವರು ಕಾಯುವ ಹಾಸ್ಟೆಲಿನವರಿಗೆ ಇದು ದೊಡ್ಡ ಸಂಗತಿ. ಚಾರ್ಜರು ಟೈಪ್-ಸಿ ಆಗಿದ್ದರೆ ಇನ್ನೂ ಅನುಕೂಲ. ಕಳೆದುಹೋದರೆ ಎಲ್ಲಿ ಬೇಕಾದರೂ ಸಿಗುತ್ತದೆ, ಅದರಲ್ಲೇ ಫೋನನ್ನೂ ಚಾರ್ಜ್ ಮಾಡಬಹುದು. ಮಲೆನಾಡು, ಕರಾವಳಿಯವರು ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವ ಅಭ್ಯಾಸ ಮಾಡಿಕೊಳ್ಳಿ.

'ಎಐ ಲ್ಯಾಪ್‌ಟಾಪ್' ಎಂಬ ಹೊಸ ಮಾತೂ ಅಂಗಡಿಗಳಲ್ಲಿ ಕೇಳಿಸುತ್ತಿದೆ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಕೋಪೈಲಟ್ ಪ್ಲಸ್ ಎಂಬ ಹೆಸರಿನ ಯಂತ್ರಗಳನ್ನು ಪ್ರಕಟಿಸಿತು. ಕನಿಷ್ಠ 16 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜು ಮತ್ತು ಎನ್‌ಪಿಯು ಎಂಬ ವಿಶೇಷ ಚಿಪ್ಪು ಅದರ ನಿಯಮ. ವಿದ್ಯಾರ್ಥಿಗಳು ಬಳಸುವ ಎಐ ಸೇವೆಗಳು ಬಹುತೇಕ ಇಂಟರ್‌ನೆಟ್ಟಿನ ಆಚೆ ತುದಿಯ ಯಂತ್ರಗಳಲ್ಲಿ ನಡೆಯುತ್ತವೆ. ಅವಕ್ಕೆ ಈ ಚಿಪ್ಪು ಬೇಕಿಲ್ಲ. ಈ ಹೆಸರಿಗಾಗಿ ಹೆಚ್ಚಿನ ಹಣ ಕೊಡುವ ಅಗತ್ಯ ಸದ್ಯಕ್ಕೆ ನನಗೆ ಕಾಣುವುದಿಲ್ಲ. ಇವುಗಳಲ್ಲಿ ಸ್ನ್ಯಾಪ್‌ಡ್ರಾಗನ್ ಪ್ರೊಸೆಸರು ಇರುವವನ್ನು ಇಂಜಿನಿಯರಿಂಗ್ ಮಕ್ಕಳು ತಮ್ಮ ತಂತ್ರಾಂಶಗಳು ನಡೆಯುತ್ತವೆಯೇ ಎಂದು ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು.

ಹೊಸದಕ್ಕೆ ದುಡ್ಡು ಹೊಂದದ ಮನೆಗಳಿಗೆ ಒಂದು ಗೌರವದ ದಾರಿಯಿದೆ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಂಗಳೂರಿನ ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪುಗಳನ್ನು ಒಟ್ಟಿಗೇ ಬದಲಾಯಿಸುತ್ತವೆ. ಹೊರಬಂದವು ಸದರ ಪತ್ರಪ್ಪ ರಸ್ತೆ, ಅಂದರೆ ಎಸ್‌ಪಿ ರೋಡಿನ ಅಂಗಡಿಗಳಿಗೂ ಜಿಲ್ಲಾ ಕೇಂದ್ರಗಳ ಅಂಗಡಿಗಳಿಗೂ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಎಂಬ ಹೆಸರಿನವು ಕಚೇರಿಗಾಗಿಯೇ ಗಟ್ಟಿಮುಟ್ಟಾಗಿ ಮಾಡಿದವು. ಹೊಸದಿದ್ದಾಗ ಲಕ್ಷದ ಆಸುಪಾಸು ಇದ್ದದ್ದು ಈಗ ಅದರ ಕಾಲುಭಾಗಕ್ಕೆ ಸಿಗಬಹುದು. ಅದೇ ಬೆಲೆಯ ಹೊಚ್ಚಹೊಸ ಅಗ್ಗದ ಯಂತ್ರಕ್ಕಿಂತ ಇಂಥದೊಂದರ ಕೀಲಿಮಣೆ, ಹಿಂಜು, ದೇಹ ಎಲ್ಲವೂ ಮೇಲು. 2018ರ ಥಿಂಕ್‌ಪ್ಯಾಡ್ ಟಿ480ಯನ್ನೇ ನೋಡಿ. ಮೆಮೊರಿಗೆ ಎರಡು ಸ್ಲಾಟು, ಸ್ಕ್ರೂ ಬಿಚ್ಚದೆ ತೆಗೆದು ಹಾಕಬಹುದಾದ ಹಿಂದಿನ ಬ್ಯಾಟರಿ. ಇಂಥ ಅನುಕೂಲ ಈಗಿನ ಹೊಸ ಯಂತ್ರಗಳಲ್ಲಿ ಅಪರೂಪ.

ಕೊಳ್ಳುವಾಗ ಎಂಟನೆಯ ತಲೆಮಾರಿಗಿಂತ ಹಳೆಯ ಇಂಟೆಲ್ ಬೇಡ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ ಅಲ್ಲಿಂದ ಈಚಿನವನ್ನು ಮಾತ್ರ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿಸಿ, ಕಮಾಂಡ್ ಪ್ರಾಂಪ್ಟ್ ತೆರೆಸಿ, 'ಪವರ್‌ಸಿಎಫ್‌ಜಿ' ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, 'ಬ್ಯಾಟರಿರಿಪೋರ್ಟ್' ಎಂದು ಒಂದೇ ಪದವಾಗಿ ಟೈಪ್ ಮಾಡಿಸಿ. ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಬಯೋಸ್ ಪಾಸ್‌ವರ್ಡ್ ಇದೆಯೇ, ಹಿಂದಿನ ಕಂಪನಿಯ ಬೀಗ ಉಳಿದಿದೆಯೇ ಕೇಳಿ. ಸೀರಿಯಲ್ ನಂಬರ್ ಬರೆದ ಬಿಲ್ಲು ಕೊಡದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ದುಡ್ಡಿನ ವಿಷಯದಲ್ಲಿ ಇನ್ನೆರಡು ಮಾತು. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆಯುವವರು ಕಂಪ್ಯೂಟರಿನ ವೆಚ್ಚವನ್ನೂ ಅದರಲ್ಲಿ ಸೇರಿಸಲು ಕೇಳಬಹುದು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ನ್ಯಾಯವಾದ ಬೆಲೆಯ ಕಂಪ್ಯೂಟರಿಗೆ ಅವಕಾಶವಿದೆ. ಎಷ್ಟೋ ತಂದೆತಾಯಿಗಳು ಇದು ತಿಳಿಯದೆ ಹೆಚ್ಚು ಬಡ್ಡಿಯ ಕೈಸಾಲ ಮಾಡುತ್ತಾರೆ. 'ನೋ ಕಾಸ್ಟ್ ಇಎಂಐ' ಎಂದಾಗ ಪೂರ್ತಿ ಹಣ ಕೊಟ್ಟರೆ ಬೆಲೆ ಎಷ್ಟು ಎಂದು ಪ್ರತ್ಯೇಕ ಕೇಳಿ ಹೋಲಿಸಿ. ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆಯಾಗಿ ಬೀಳುವುದುಂಟು. ರಾಜ್ಯ ಸರ್ಕಾರ ಹಿಂದೆ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಟ್ಟದ್ದಿದೆ. ಪ್ರತಿ ವರ್ಷ ಅದು ಇರುವುದಿಲ್ಲ, ಆದರೂ ಕಾಲೇಜಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಮಗನಿಗೆ ಲ್ಯಾಪ್‌ಟಾಪ್, ಮಗಳಿಗೆ "ಮೊಬೈಲಿನಲ್ಲೇ ಮಾಡ್ಕೊ" ಎನ್ನುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಕೋವಿಡ್ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಅಂಗೈಯಗಲದ ಪರದೆಯಲ್ಲಿ ಪಾಠ ಕೇಳಿದ ನಮ್ಮ ಹೆಣ್ಣುಮಕ್ಕಳು ಪಟ್ಟ ಕಷ್ಟ ಸಾಕು. ಫೋನಿನಲ್ಲಿ ಪಾಠ ಕೇಳಬಹುದು, ನಲವತ್ತು ಪುಟದ ಪ್ರಾಜೆಕ್ಟ್ ವರದಿ ಬರೆಯಲಾಗದು, ಪ್ರೋಗ್ರಾಮ್ ಬರೆದು ಕಲಿಯಲಾಗದು. ಇಬ್ಬರಿಗೆ ಎರಡು ಹೊಸದು ಸಾಧ್ಯವಿಲ್ಲದಿದ್ದರೆ ಒಂದು ದುಬಾರಿಯದರ ಬದಲು ಎರಡು ಹಳೆಯವನ್ನು ತನ್ನಿ.

ಕದ್ದ ತಂತ್ರಾಂಶ ಹಾಕಿಕೊಡುತ್ತೇನೆಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಅದರ ಜೊತೆಗೆ ವೈರಸ್ಸು ಬರುತ್ತದೆ, ಅದೂ ಅಲ್ಲದೆ ಅದರ ಅಗತ್ಯವೇ ಇಲ್ಲ. ಲಿಬ್ರೆಆಫೀಸ್ ಉಚಿತ, ಕನ್ನಡವನ್ನೂ ಚೆನ್ನಾಗಿ ನಿಭಾಯಿಸುತ್ತದೆ. ಆಟೋಡೆಸ್ಕ್ ತನ್ನ ಆಟೋಕ್ಯಾಡ್, ರೆವಿಟ್‌ಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ. ಸಾಲಿಡ್ ಎಡ್ಜ್, ಆನ್ಸಿಸ್‌ಗಳಿಗೂ ವಿದ್ಯಾರ್ಥಿ ಆವೃತ್ತಿಗಳಿವೆ. ಟ್ಯಾಲಿ ಪ್ರೈಮಿನ ಕಲಿಕಾ ಆವೃತ್ತಿಗೆ ಹಣವಿಲ್ಲ, ತಿಂಗಳ ಒಂದು, ಎರಡು ಮತ್ತು ಮೂವತ್ತೊಂದನೆಯ ತಾರೀಕಿನಲ್ಲಷ್ಟೇ ಲೆಕ್ಕ ಬರೆಯಲು ಬಿಡುತ್ತದೆ, ಕಲಿಯಲು ಅದು ಸಾಕು.

ಇನ್ನು ದುರಸ್ತಿ. ನಿಮ್ಮ ಊರಿಗೆ ಹತ್ತಿರದ ಅಧಿಕೃತ ಸೇವಾ ಕೇಂದ್ರ ಎಲ್ಲಿದೆ ಎಂದು ಕೊಳ್ಳುವ ಮೊದಲೇ ನೋಡಿ. ಬೀದರಿನಲ್ಲೋ ಕಾರವಾರದಲ್ಲೋ ಓದುವ ಮಗು ಕೆಟ್ಟ ಯಂತ್ರ ಹೊತ್ತು ಬೇರೆ ಜಿಲ್ಲೆಗೆ ಹೋಗುವಂತಾಗಬಾರದು. ತಂತ್ರಜ್ಞರು ಮನೆಗೇ ಬರುವ ಆನ್‌ಸೈಟ್ ವಾರಂಟಿ ಇರುವುದನ್ನು ಆರಿಸಿದರೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ತಂದ ಮೊದಲ ವಾರದಲ್ಲೇ ಎಲ್ಲವನ್ನೂ ಪರೀಕ್ಷಿಸಿ. ಪರದೆಯ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕಿ ಇದೆಯೇ ನೋಡಿ. ಪ್ರತಿ ಕೀಲಿ, ಪ್ರತಿ ಯುಎಸ್‌ಬಿ ಕಿಂಡಿ, ಕ್ಯಾಮೆರಾ, ಮೈಕು, ವೈಫೈ ಒಂದೊಂದನ್ನೂ ಬಳಸಿ ನೋಡಿ, ಯಾಕೆಂದರೆ ಹಿಂದಿರುಗಿಸುವ ಅವಧಿ ಬಹಳ ಚಿಕ್ಕದು. ಜೊತೆಗೆ ಬಂದ ಎಂಎಸ್ ಆಫೀಸನ್ನು ವಿದ್ಯಾರ್ಥಿಯ ಸ್ವಂತ ಇಮೇಲ್ ಖಾತೆಯಲ್ಲೇ, ಅದಕ್ಕಿರುವ ಗಡುವಿನೊಳಗೆ ಸಕ್ರಿಯಗೊಳಿಸಿ. ಅಂಗಡಿಯವನ ಖಾತೆಯಲ್ಲಿ ಆದರೆ ಮುಂದೊಂದು ದಿನ ಯಂತ್ರವನ್ನು ಅಳಿಸಿ ಮತ್ತೆ ಸಜ್ಜುಗೊಳಿಸುವಾಗ ಅದು ನಿಮಗೆ ಸಿಗುವುದಿಲ್ಲ. ಬಿಲ್ಲಿನ ಫೋಟೋ ತೆಗೆದು ಅಪ್ಪನ ಫೋನಿನಲ್ಲೂ ಮಗಳ ಫೋನಿನಲ್ಲೂ ಇಡಿ. ಗೂಗಲ್ ಡ್ರೈವಿನಲ್ಲಿ 15 ಜಿಬಿ ಜಾಗ ಉಚಿತವಾಗಿದೆ, ಓದಿನ ಕಡತಗಳ ಒಂದು ಪ್ರತಿ ಮೊದಲ ದಿನದಿಂದಲೇ ಅಲ್ಲಿಗೆ ಹೋಗುತ್ತಿರಲಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿಯ ಕಿಂಡಿ ಮುಚ್ಚಿ ಒಳಗೆ ಕಾಯುತ್ತದೆ. ಒಂದು ಮರದ ಹಲಗೆ ಸಾಕು.